ಬ್ರಿಟನ್ನಿನಲ್ಲಿ ಸರ್ಕಾರ ಅಲುಗಾಡಿದರೆ ಎಲ್ಲೆಲ್ಲಿ ಕಣ್ಣಿಡಬೇಕು

2016ರ ಜುಲೈಯಿಂದ 2024ರ ಜುಲೈವರೆಗೆ, ಎಂಟೇ ವರ್ಷಗಳಲ್ಲಿ, ಲಂಡನ್ನಿನ ಡೌನಿಂಗ್ ಸ್ಟ್ರೀಟ್ 10ನೇ ನಂಬರಿನ ಮನೆಗೆ ಐವರು ಹೊಸ ಪ್ರಧಾನಿಗಳು ಬಂದರು: ತೆರೇಸಾ ಮೇ, ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್, ಕೀರ್ ಸ್ಟಾರ್ಮರ್. ಅಷ್ಟೂ ಕಾಲ ಆ ಮನೆ ಬಿಟ್ಟು ಕದಲದೆ ಇದ್ದದ್ದು, 2011ರಲ್ಲಿ ಇಲಿ ಹಿಡಿಯಲೆಂದು ತಂದ ಲ್ಯಾರಿ ಎಂಬ ಬೆಕ್ಕು. ತಮಾಷೆಯ ಮಾತೇ ಸರಿ, ಆದರೆ ಅಲ್ಲಿನ ವ್ಯವಸ್ಥೆಯ ಗುಟ್ಟೂ ಅದರಲ್ಲೇ ಇದೆ. ಮೇಲೆ ಕೂತವರನ್ನು ಬೇಗ ಇಳಿಸುವುದು ಅದಕ್ಕೆ ಗೊತ್ತು, ಕೆಳಗಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದೂ ಗೊತ್ತು. ವರ್ಷಗಟ್ಟಲೆ ಹಿಡಿಯುವ ಸುಧಾರಣೆ ಎಂದಾಗ ಮಾತ್ರ ತಡವರಿಸುತ್ತದೆ. "ಸರ್ಕಾರ ಇನ್ನೇನು ಬಿತ್ತು" ಎಂಬ ಸುದ್ದಿ ಬಂದಾಗ ಕೆಳಗಿನ ಕ್ರಮದಲ್ಲಿ ನೋಡುತ್ತ ಹೋದರೆ ಗದ್ದಲ ಯಾವುದು, ನಿಜವಾದ ಅಪಾಯ ಯಾವುದು ಎಂದು ಬೇರ್ಪಡಿಸಬಹುದು.

ಮೊದಲು ತಲೆ ಎಣಿಸಿ

ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 650 ಸ್ಥಾನಗಳಿವೆ. ಬಹುಮತಕ್ಕೆ 326 ಬೇಕು ಎನ್ನುವುದು ಕಾಗದದ ಲೆಕ್ಕ. ಸ್ಪೀಕರ್ ಮತ್ತು ಮೂವರು ಉಪ ಸ್ಪೀಕರ್‌ಗಳು ಮತ ಹಾಕುವುದಿಲ್ಲ. ಉತ್ತರ ಐರ್ಲೆಂಡ್‌ನ ಸಿನ್ ಫೇನ್ ಪಕ್ಷದವರು ಗೆದ್ದರೂ ಸದನಕ್ಕೆ ಕಾಲಿಡುವುದಿಲ್ಲ. 2024ರಲ್ಲಿ ಅವರು 7 ಮಂದಿ. ಈ 11 ಜನರನ್ನು ಕಳೆದರೆ ಉಳಿಯುವುದು 639, ಅಲ್ಲಿಗೆ 320 ಮತ ಇದ್ದರೆ ಸಾಕು. 2017ರಲ್ಲಿ ಕನ್ಸರ್ವೇಟಿವ್ ಪಕ್ಷದ ತೆರೇಸಾ ಮೇ 317 ಸ್ಥಾನಕ್ಕೆ ನಿಂತುಬಿಟ್ಟಾಗ ಉತ್ತರ ಐರ್ಲೆಂಡ್‌ನ ಇನ್ನೊಂದು ಪಕ್ಷವಾದ ಡಿಯುಪಿಯ 10 ಸದಸ್ಯರೊಂದಿಗೆ ಒಪ್ಪಂದ ಮಾಡಿಕೊಂಡರು. ಆ ಪಕ್ಷ ಸಂಪುಟ ಸೇರಲಿಲ್ಲ. ವಿಶ್ವಾಸಮತ ಮತ್ತು ಹಣಕಾಸಿನ ಮತದಾನಗಳಲ್ಲಿ ಬೆಂಬಲ ಕೊಡುವುದು, ಪ್ರತಿಯಾಗಿ ಉತ್ತರ ಐರ್ಲೆಂಡ್‌ಗೆ 100 ಕೋಟಿ ಪೌಂಡ್ ಹೆಚ್ಚುವರಿ ಅನುದಾನ. ಇಂಥ ಒಪ್ಪಂದದಲ್ಲಿ ಏನೇನು ಸೇರಿಲ್ಲ ಎಂಬುದನ್ನೇ ಮುಖ್ಯವಾಗಿ ಓದಬೇಕು. ಮುಂದೆ ಬ್ರೆಕ್ಸಿಟ್ ಒಪ್ಪಂದ (ಐರೋಪ್ಯ ಒಕ್ಕೂಟ ಬಿಡುವ ಒಪ್ಪಂದ) ಮತಕ್ಕೆ ಬಂದಾಗ ಅದೇ ಡಿಯುಪಿ ವಿರುದ್ಧ ನಿಂತಿತು.

ಬೀಳುವುದು ಸರ್ಕಾರವೋ, ಪ್ರಧಾನಿಯೋ?

ಇವೆರಡನ್ನು ಬೆರೆಸಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಅವಿಶ್ವಾಸ ನಿರ್ಣಯದಲ್ಲಿ ಸೋತು ಚುನಾವಣೆಗೆ ಹೋದ ಕೊನೆಯ ಸರ್ಕಾರ ಜೇಮ್ಸ್ ಕ್ಯಾಲಹನ್ ಅವರದು: 1979ರ ಮಾರ್ಚ್ 28, 311ಕ್ಕೆ 310. ಆಮೇಲೆ ಆ ಬಾಗಿಲಿನಿಂದ ಯಾರೂ ಹೊರಬಿದ್ದಿಲ್ಲ. 2019ರ ಜನವರಿ 15ರಂದು ಮೇ ಅವರ ಬ್ರೆಕ್ಸಿಟ್ ಒಪ್ಪಂದ 432–202 ಮತಗಳಿಂದ ನೆಲಕಚ್ಚಿತು. ಮರುದಿನದ ಅವಿಶ್ವಾಸ ನಿರ್ಣಯದಲ್ಲಿ ಅವರೇ 325–306ರಿಂದ ಗೆದ್ದರು. ನೀತಿಯನ್ನು ಹರಿದು ಹಾಕಿದ ಸ್ವಪಕ್ಷೀಯರು ಸರ್ಕಾರವನ್ನು ಮಾತ್ರ ಕೈಬಿಡಲಿಲ್ಲ, ಏಕೆಂದರೆ ಕೈಬಿಟ್ಟರೆ ಚುನಾವಣೆ, ಚುನಾವಣೆ ಎಂದರೆ ತಮ್ಮ ಸ್ಥಾನಕ್ಕೇ ಸಂಚಕಾರ.

ಹಾಗಾಗಿ ಆಳುವ ಪಕ್ಷದ ಒಳನಿಯಮ ತಿಳಿದಿರಬೇಕು. ಆ ವರ್ಷಗಳಲ್ಲಿ ಕನ್ಸರ್ವೇಟಿವ್ ಸಂಸದರಲ್ಲಿ ಶೇ 15ರಷ್ಟು ಜನ ಆ ಪಕ್ಷದ ಸಂಸದರ ಕೂಟವಾದ "1922 ಸಮಿತಿ"ಯ ಅಧ್ಯಕ್ಷರಿಗೆ ಪತ್ರ ಕೊಟ್ಟರೆ ನಾಯಕರ ಮೇಲೆ ಗುಪ್ತ ಮತದಾನ ನಡೆಯುತ್ತಿತ್ತು. ಪತ್ರ ಎಷ್ಟು ಬಂದಿವೆ ಎಂಬುದು ಆ ಅಧ್ಯಕ್ಷರೊಬ್ಬರಿಗೇ ಗೊತ್ತು, ಆದ್ದರಿಂದ ಪತ್ರಿಕೆಗಳಲ್ಲಿ ಬರುವ ಸಂಖ್ಯೆಗಳನ್ನು ಊಹೆ ಎಂದೇ ಓದಿಕೊಳ್ಳಿ. ಲೇಬರ್ ಪಕ್ಷದಲ್ಲಿ ದಾರಿ ಇನ್ನೂ ಕಡಿದು: ಸವಾಲು ಹಾಕುವವರು ಮೊದಲೇ ಮುಖ ತೋರಿಸಿ ಶೇ 20ರಷ್ಟು ಸಂಸದರ ಅನುಮೋದನೆ ತರಬೇಕು.

ಕನ್ಸರ್ವೇಟಿವ್ ಪಕ್ಷದಲ್ಲಿ ಆ ಗುಪ್ತ ಮತದಾನ ಗೆದ್ದ ನಾಯಕರಿಗೆ ಒಂದು ವರ್ಷ ರಕ್ಷಣೆ ಎಂಬ ನಿಯಮವನ್ನು ನಂಬಿ ಕೂರಬೇಡಿ. 2018ರ ಡಿಸೆಂಬರ್‌ನಲ್ಲಿ ಮೇ 200–117ರಿಂದ ಗೆದ್ದರು, 2019ರ ಜುಲೈಗೆ ಹೋದರು. ಜಾನ್ಸನ್ 2022ರ ಜೂನ್ 6ರಂದು 211–148ರಿಂದ ಗೆದ್ದರು. ಜುಲೈ 7ಕ್ಕೆ ನಿರ್ಗಮನ ಘೋಷಿಸಿದರು. ಟ್ರಸ್ ವಿರುದ್ಧ ಅಂಥ ಮತದಾನವೇ ನಡೆಯಲಿಲ್ಲ, ಆದರೂ 49 ದಿನಕ್ಕೆ ಅಧಿಕಾರ ಮುಗಿಯಿತು.

ನಿಯಮಕ್ಕಿಂತ ಖಚಿತವಾದ ಸೂಚನೆ ಖಾಲಿ ಕುರ್ಚಿಗಳು. 2022ರ ಜುಲೈ 5ರ ಸಂಜೆ ಆರೋಗ್ಯ ಸಚಿವ ಸಾಜಿದ್ ಜಾವಿದ್ ಮತ್ತು ಹಣಕಾಸು ಸಚಿವರಾಗಿದ್ದ ಸುನಕ್ ರಾಜೀನಾಮೆ ಕೊಟ್ಟ ಮೇಲೆ ಎರಡೇ ದಿನಗಳಲ್ಲಿ ಹುದ್ದೆ ಬಿಟ್ಟ ಸಚಿವರು ಮತ್ತು ಸಚಿವರ ಸಹಾಯಕ ಸಂಸದರ ಸಂಖ್ಯೆ 50 ದಾಟಿತು. ಪ್ರಧಾನಿ ಹಟ ಹಿಡಿಯಬಹುದು; ಆದರೆ ಮಸೂದೆ ಮಂಡಿಸಲು, ಸದನದಲ್ಲಿ ಪ್ರಶ್ನೆಗೆ ಉತ್ತರ ಕೊಡಲು ಕಿರಿಯ ಸಚಿವರೇ ಬೇಕು. ಅವರನ್ನು ತುಂಬಲು ಜನ ಸಿಗದ ಹೊತ್ತಿಗೆ ಆಟ ಮುಗಿದಿರುತ್ತದೆ.

ದುಡ್ಡಿನ ದಾರಿ

ಬಿಕ್ಕಟ್ಟು ಎಷ್ಟೇ ಜೋರಾದರೂ ಪಿಂಚಣಿ, ಆಸ್ಪತ್ರೆಗಳ ಸಂಬಳ ನಿಲ್ಲುವುದಿಲ್ಲ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಪೂರ್ಣ ಅಂದಾಜುಗಳಿಗೆ ಒಪ್ಪಿಗೆ ಸಿಗುವುದು ಸಾಮಾನ್ಯವಾಗಿ ಜುಲೈಯಲ್ಲಿ. ನಡುವಿನ ತಿಂಗಳುಗಳಿಗೆ ಲೇಖಾನುದಾನ ಮೊದಲೇ ಮಂಜೂರಾಗಿರುತ್ತದೆ, ಸಾಮಾನ್ಯವಾಗಿ ಚಾಲ್ತಿ ವರ್ಷದ ಮೊತ್ತದ ಶೇ 45ರಷ್ಟು. ಬೇಸಿಗೆಯಲ್ಲಿ ದಿಢೀರ್ ಚುನಾವಣೆ ಬಂದರೂ ಇಲಾಖೆಗಳು ಉಸಿರಾಡುವುದು ಇದರಿಂದಲೇ. ಅಲ್ಲಿ ಆದಾಯ ತೆರಿಗೆಯನ್ನು ಪ್ರತಿ ವರ್ಷ ಹೊಸದಾಗಿ ಶಾಸನ ಮಾಡಿ ಹೇರಬೇಕು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಹಣಕಾಸು ಮಸೂದೆಯನ್ನು ಅಂಗೀಕರಿಸಲಾಗದ ಸರ್ಕಾರ ಉಳಿಯಲಾರದು ಎನ್ನುವುದು ಅದಕ್ಕೇ.

ಏಟು ಬೀಳುವುದು ಮಾರುಕಟ್ಟೆಯ ಕಡೆಯಿಂದ. 2022ರ ಸೆಪ್ಟೆಂಬರ್ 23ರ ಮಿನಿ ಬಜೆಟ್‌ನಲ್ಲಿ ಟ್ರಸ್ ಸರ್ಕಾರದ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿದರು. ಆ ಹಣ ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. ಸರ್ಕಾರದ ಲೆಕ್ಕವನ್ನು ಸ್ವತಂತ್ರವಾಗಿ ಅಳೆಯುವ ಬಜೆಟ್ ಹೊಣೆಗಾರಿಕೆ ಕಚೇರಿಯ ಮುನ್ನಂದಾಜನ್ನೂ ಜೊತೆಗಿಡಲಿಲ್ಲ. ಟ್ರೆಜರಿಯ, ಅಂದರೆ ಹಣಕಾಸು ಇಲಾಖೆಯ, ಖಾಯಂ ಕಾರ್ಯದರ್ಶಿ ಟಾಮ್ ಸ್ಕಾಲರ್ ಅವರನ್ನು ಅಧಿಕಾರಕ್ಕೆ ಬಂದ ವಾರದಲ್ಲೇ ಮನೆಗೆ ಕಳಿಸಿಯಾಗಿತ್ತು. ಅಂದರೆ ಎಚ್ಚರಿಸುವ ಎರಡೂ ಗಂಟೆಗಳ ನಾಲಗೆ ಕಿತ್ತು ಓಡಿದಂತಾಯಿತು. ಸರ್ಕಾರಿ ಬಾಂಡ್‌ಗಳ ಬೆಲೆ ಕುಸಿಯಿತು, 30 ವರ್ಷದ ಬಾಂಡ್ ಮೇಲಿನ ಬಡ್ಡಿ ಶೇ 5 ದಾಟಿತು. ಬಾಂಡ್‌ಗಳನ್ನು ಅಡವಿಟ್ಟು ಸಾಲ ಎತ್ತಿದ್ದ ಪಿಂಚಣಿ ನಿಧಿಗಳಿಂದ ಹೆಚ್ಚುವರಿ ಅಡಮಾನ ಕೇಳಲಾಯಿತು. ಅದಕ್ಕೆ ಹಣ ಹೊಂದಿಸಲು ಅವು ಅದೇ ಬಾಂಡ್‌ಗಳನ್ನು ಮಾರಿದವು. ಬೆಲೆ ಇನ್ನೂ ಬಿತ್ತು. ಈ ಸುಳಿ ತಡೆಯಲು ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಬಾಂಡ್ ಕೊಳ್ಳಲು ಮುಂದಾಯಿತು: ಮಿತಿ 6,500 ಕೋಟಿ ಪೌಂಡ್, ಕೊಂಡದ್ದು ಸುಮಾರು 1,930 ಕೋಟಿ. ಕೊನೆಯ ದಿನವೆಂದು ಬ್ಯಾಂಕ್ ಹೇಳಿದ್ದ ಅಕ್ಟೋಬರ್ 14ರಂದೇ ಕ್ವಾರ್ಟೆಂಗ್ ಹುದ್ದೆ ಹೋಯಿತು. ದೊಡ್ಡ ತೆರಿಗೆ ಅಥವಾ ಖರ್ಚಿನ ನಿರ್ಧಾರ ಬಂದಾಗ ಮುನ್ನಂದಾಜು ಜೊತೆಗಿದೆಯೇ ಎಂದು ಮೊದಲು ನೋಡಿ. 2024ರ ಬಜೆಟ್ ಹೊಣೆಗಾರಿಕೆ ಕಾಯ್ದೆ ಅದನ್ನು ತಪ್ಪಿಸಿಕೊಳ್ಳುವ ದಾರಿಯನ್ನು ಕಿರಿದಾಗಿಸಿದೆ.

ಖಾಯಂ ಅಧಿಕಾರಿಗಳು ಏನು ಬರೆದಿದ್ದಾರೆ?

ಇಲಾಖೆಯ ಖಾಯಂ ಕಾರ್ಯದರ್ಶಿ ಖರ್ಚಿನ ಬಗ್ಗೆ ಸಂಸತ್ತಿಗೆ ತಾನೇ ಉತ್ತರ ಕೊಡಬೇಕು. ಕ್ರಮಬದ್ಧತೆ, ಔಚಿತ್ಯ, ಹಣಕ್ಕೆ ತಕ್ಕ ಫಲ, ಕಾರ್ಯಸಾಧ್ಯತೆ — ಈ ನಾಲ್ಕರಲ್ಲಿ ಒಂದಕ್ಕೆ ಯೋಜನೆ ಹೊಂದದಿದ್ದರೆ ಆತ ಸಚಿವರಿಂದ ಲಿಖಿತ ಆದೇಶ ಕೇಳುತ್ತಾನೆ. ಆದೇಶ ಬಂದರೆ ಕೆಲಸ ಮಾಡಲೇಬೇಕು, ಹೊಣೆ ಮಾತ್ರ ಸಚಿವರದು. 2022ರ ಏಪ್ರಿಲ್‌ನಲ್ಲಿ ಆಶ್ರಯ ಕೋರಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸುವ ಯೋಜನೆಗೆ ಗೃಹ ಇಲಾಖೆಯ ಖಾಯಂ ಕಾರ್ಯದರ್ಶಿ ಮ್ಯಾಥ್ಯೂ ರೈಕ್ರಾಫ್ಟ್ ಹೀಗೆ ಆದೇಶ ಕೇಳಿದರು, ಗೃಹ ಸಚಿವೆ ಪ್ರೀತಿ ಪಟೇಲ್ ಕೊಟ್ಟರು. ಈ ಪತ್ರಗಳು ಸಾಮಾನ್ಯವಾಗಿ ಪ್ರಕಟವಾಗುತ್ತವೆ. ಭಾಷಣಗಳಿಗಿಂತ ಇವನ್ನು ಓದುವುದು ಲೇಸು.

ಸಚಿವರೇ ಇಲ್ಲದಿದ್ದರೆ ಈ ಯಂತ್ರ ಎಷ್ಟು ದೂರ ಓಡೀತು ಎಂಬುದಕ್ಕೆ ಉತ್ತರ ಐರ್ಲೆಂಡ್ ಸಾಕ್ಷಿ. 2017ರ ಜನವರಿಯಲ್ಲಿ ಅಲ್ಲಿನ ಪ್ರಾದೇಶಿಕ ಸರ್ಕಾರ ಮುರಿದುಬಿದ್ದು ಸಚಿವರೇ ಇಲ್ಲವಾದರು. ಕಸ ಸುಡುವ ಘಟಕವೊಂದಕ್ಕೆ ಅಧಿಕಾರಿಗಳೇ ಅನುಮತಿ ಕೊಟ್ಟರು. ಸಚಿವರಿಲ್ಲದೆ ಅಂಥ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ನಿಮಗಿಲ್ಲ ಎಂದು 2018ರಲ್ಲಿ ನ್ಯಾಯಾಲಯ ಹೇಳಿತು. ಕೊನೆಗೆ ಲಂಡನ್ನಿನ ಸಂಸತ್ತು ಅದಕ್ಕಾಗಿಯೇ ಶಾಸನ ಮಾಡಬೇಕಾಯಿತು. ದಿನನಿತ್ಯದ ಕೆಲಸ ನಡೆಯುತ್ತದೆ, ಹೊಸ ನಿರ್ಧಾರ ನಡೆಯುವುದಿಲ್ಲ. ಗೆರೆ ಇರುವುದು ಅಲ್ಲಿ.

ಸುಧಾರಣೆ ಉಳಿದೀತೆ?

ಮೂರು ಪ್ರಶ್ನೆ ಕೇಳಿ. ಅದಕ್ಕೆ ಶಾಸನ ಬೇಕೇ? ಸದನದಲ್ಲಿ ಅದಕ್ಕೆ ಸಮಯವಿದೆಯೇ? ಹೊಣೆ ಹೊತ್ತ ಸಚಿವರು ಇನ್ನೆಷ್ಟು ದಿನ ಇರುತ್ತಾರೆ? ಕೊನೆಯದು ಕುಹಕವಲ್ಲ: 2022ರ ಜುಲೈ ಆರಂಭದಿಂದ ಅಕ್ಟೋಬರ್ ಕೊನೆಯೊಳಗೆ ಶಿಕ್ಷಣ ಸಚಿವರ ಕುರ್ಚಿಯಲ್ಲಿ ಐವರು ಕೂತರು. ಮಿಷೆಲ್ ಡೊನೆಲನ್ ಇದ್ದದ್ದು ಎರಡು ದಿನವೂ ತುಂಬಲಿಲ್ಲ.

ಶಾಸನವಿಲ್ಲದೆ ಆಗುವುದು ಇಲಾಖೆಗಳನ್ನು ಕೂಡಿಸಿ ಒಡೆಯುವ ಕೆಲಸ. ಪ್ರಧಾನಿ ಬೆಳಗ್ಗೆ ಹೇಳಿದರೆ ಸಂಜೆಗೆ ಬೋರ್ಡ್ ಬದಲು. ಇಂಧನಕ್ಕೆ 2008ರಲ್ಲಿ ಪ್ರತ್ಯೇಕ ಇಲಾಖೆ ಬಂತು, 2016ರಲ್ಲಿ ವಾಣಿಜ್ಯದೊಳಗೆ ಕರಗಿತು, 2023ರ ಫೆಬ್ರುವರಿಯಲ್ಲಿ ಮತ್ತೆ ಬೇರೆಯಾಯಿತು. ಪ್ರತಿ ಸಲವೂ ಸಂಬಳದ ಶ್ರೇಣಿ, ಕಂಪ್ಯೂಟರ್ ವ್ಯವಸ್ಥೆ, ಕಟ್ಟಡ ಹೊಂದಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಹೊಸ ಬೋರ್ಡನ್ನು ಸುಧಾರಣೆ ಎಂದುಕೊಳ್ಳಬೇಡಿ.

ಶಾಸನ ಬೇಕಾದದ್ದನ್ನು ಪ್ರಕಟಣೆಯಲ್ಲೇ ಮುಗಿಸಹೊರಟರೆ ಏನಾಗುತ್ತದೆಂಬುದಕ್ಕೆ 2003ರ ಜೂನ್ ನೋಡಿ. ನ್ಯಾಯಾಂಗದ ಮುಖ್ಯಸ್ಥರೂ ಸಚಿವರೂ ಆಗಿದ್ದ ಲಾರ್ಡ್ ಚಾನ್ಸಲರ್ ಎಂಬ ಹಳೆಯ ಹುದ್ದೆಯನ್ನೇ ರದ್ದು ಮಾಡುವುದಾಗಿ ಟೋನಿ ಬ್ಲೇರ್ ಸರ್ಕಾರ ಸಂಪುಟ ಪುನಾರಚನೆಯ ದಿನ ಸಾರಿತು. ಲೆಕ್ಕವಿಲ್ಲದಷ್ಟು ಕಾಯ್ದೆಗಳಲ್ಲಿ ಆ ಹೆಸರು ಹೊಸೆದುಕೊಂಡಿತ್ತು; ಸುಲಭಕ್ಕೆ ಬಿಡಿಸಲಾಗಲಿಲ್ಲ. ಸರಿಯಾದ ದಾರಿ ಹಿಡಿದಾಗ 2005ರ ಕಾಯ್ದೆ ಬಂತು, ಅದೇ ಸುಧಾರಣೆಯ ಭಾಗವಾಗಿ 2009ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೆರೆಯಿತು. ಹುದ್ದೆ ಮಾತ್ರ ನ್ಯಾಯ ಸಚಿವರ ಹೆಗಲ ಮೇಲೆ ಈಗಲೂ ಇದೆ.

ಒಂದು ಬಿಕ್ಕಟ್ಟಿಗೆಂದು ಹೊಲಿದ ಶಾಸನ ಮುಂದಿನದಕ್ಕೆ ಬಿಗಿಯಾಗುತ್ತದೆ. 2010ರ ಸಮ್ಮಿಶ್ರ ಸರ್ಕಾರದ ಪಾಲುದಾರರನ್ನು ಕಟ್ಟಿಹಾಕಲು 2011ರಲ್ಲಿ ಸಂಸತ್ತಿನ ಅವಧಿ ನಿಗದಿಪಡಿಸಿದರು. ಅವಧಿಗೆ ಮುನ್ನ ಚುನಾವಣೆಗೆ 434 ಮತ ಬೇಕಾಯಿತು. 2019ರಲ್ಲಿ ಜಾನ್ಸನ್‌ಗೆ ಆ ಸಂಖ್ಯೆ ಮೂರು ಸಲವೂ ಸಿಗಲಿಲ್ಲ, ಪ್ರತ್ಯೇಕ ಕಾಯ್ದೆ ಮಾಡಿ ಡಿಸೆಂಬರ್ 12ರ ಚುನಾವಣೆಗೆ ಹೋದರು. 2022ರಲ್ಲಿ ಆ ಶಾಸನವೇ ರದ್ದಾಗಿ, ವಿಸರ್ಜನೆ ಕೇಳುವ ಅಧಿಕಾರ ಪ್ರಧಾನಿಗೆ ಮರಳಿತು.

ಸಮಯದ ಪ್ರಶ್ನೆಗೆ ಬಂದರೆ, ಮಸೂದೆಗೆ ಬಿದ್ದ ಮತಕ್ಕಿಂತ ಅದರ ವೇಳಾಪಟ್ಟಿಯ ನಿರ್ಣಯ ನೋಡಿ. 2012ರ ಜುಲೈ 10ರಂದು ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸುಧಾರಣಾ ಮಸೂದೆ ಕಾಮನ್ಸ್‌ನಲ್ಲಿ 462–124ರಿಂದ ಎರಡನೇ ವಾಚನ ದಾಟಿತು, ಆದರೆ 91 ಕನ್ಸರ್ವೇಟಿವ್ ಸದಸ್ಯರು ವಿರುದ್ಧ ನಿಂತಿದ್ದರು. ಸೋಲುವ ಭಯಕ್ಕೆ ಸರ್ಕಾರ ಚರ್ಚೆಗೆ ಮಿತಿ ಹಾಕುವ ನಿರ್ಣಯವನ್ನು ಹಿಂತೆಗೆದುಕೊಂಡಿತ್ತು. ಮಿತಿ ಇಲ್ಲವೆಂದರೆ ಮಾತಿನಲ್ಲೇ ಕೊಲ್ಲಬಹುದು. ಆಗಸ್ಟ್‌ನಲ್ಲಿ ಮಸೂದೆ ಕೈಬಿಟ್ಟರು. 1999ರಲ್ಲಿ "ಸದ್ಯಕ್ಕೆ" ಎಂದು ಅದೇ ಸಭೆಯಲ್ಲಿ ಉಳಿಸಿಕೊಂಡ 92 ವಂಶಪಾರಂಪರ್ಯ ಸ್ಥಾನಗಳನ್ನು ತೆಗೆಯುವ ಮಸೂದೆಯನ್ನು ಸರ್ಕಾರ ಮಂಡಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ.