ಒಂದು ಖಾಲಿ ಇದ್ದರೂ ನಾಲ್ಕೇ ಯಾಕೆ?

ಬಾಗಲಕೋಟೆಯ ನವನಗರದಲ್ಲಿ ನನ್ನದು ಲಗ್ನದ ವಿಡಿಯೋ ಎಡಿಟಿಂಗ್ ಕೆಲಸ. ಕ್ಯಾಮೆರಾದ ದಪ್ಪ ಫೈಲ್‌ಗಳನ್ನು ಲಿನಕ್ಸ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಧನ ಹಾಕಿ ಸಣ್ಣದು ಮಾಡುತ್ತೇನೆ. ಕಮಾಂಡಿನ ಕೊನೆಗೆ & ಹಚ್ಚಿದರೆ ಅದು ಹಿನ್ನೆಲೆಗೆ ಹೋಗುತ್ತದೆ, ಮುಗಿಯುವವರೆಗೆ ಕಾಯದೆ ಇನ್ನೊಂದು ಕಮಾಂಡ್ ಕೊಡಬಹುದು. 

ಆಗ ಬ್ಯಾಶ್ ಎಂಬ ಶೆಲ್ (ಟರ್ಮಿನಲ್ ಕಿಟಕಿಯಲ್ಲಿ ನಾವು ಟೈಪ್ ಮಾಡಿದ ಕಮಾಂಡ್ ನಡೆಸುವ ಪ್ರೋಗ್ರಾಂ) "[1] 4821" ಅಂತ ತೋರಿಸುತ್ತದೆ. 4821 ಪಿಐಡಿ, ಅಂದರೆ ನಡೆಯುತ್ತಿರುವ ಪ್ರೋಗ್ರಾಮಿನ ಗುರುತಿನ ನಂಬರ್, ಲಿನಕ್ಸ್‌ನ ತಿರುಳಾದ ಕರ್ನಲ್ ಕೊಟ್ಟದ್ದು, ಇಡೀ ಯಂತ್ರಕ್ಕೆ ಒಂದೇ. ಕಂಸದೊಳಗಿನ 1 ಆ ಟರ್ಮಿನಲ್‌ನ ಶೆಲ್ ಹಿನ್ನೆಲೆ ಕೆಲಸಕ್ಕೆ ತಾನೇ ಇಟ್ಟುಕೊಂಡ ಜಾಬ್ ನಂಬರ್. ಪಕ್ಕದ ಟರ್ಮಿನಲ್‌ನಲ್ಲೂ ಬೇರೊಂದು 1 ಇರಬಹುದು.

ಕೆಲಸಕ್ಕೆ ಬರುವ ಹುಡುಗ ಕೇಳಿದ: "ಅಣ್ಣಾ, ಒಂದನೇದು ಮುಗದೈತಿ, ಎರಡು ಮೂರು ನಡದಾವ. ಹೊಸಾದಕ್ಕ ನಾಕು ಯಾಕ ಬಂತು?"

ಪ್ರಾಂಪ್ಟ್ (ಕಮಾಂಡ್‌ಗೆ ಕಾಯುವ ಸಾಲು) ಮುಂದೆ ಕೂತು ನಾವೇ ಕಮಾಂಡ್ ಕೊಡುವಾಗ ಬ್ಯಾಶ್ ನಡುವಿನ ಖಾಲಿ ಜಾಗ ಹುಡುಕುವುದಿಲ್ಲ. ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ನೋಡಿ, ಇರುವುದರಲ್ಲೇ ದೊಡ್ಡ ನಂಬರಿಗೆ ಒಂದು ಕೂಡಿಸುತ್ತದೆ. 3 ಮುಗಿದು 1, 2 ಉಳಿದಿದ್ದರೆ ಹೊಸದಕ್ಕೆ ಮತ್ತೆ 3 ಬರುತ್ತದೆ. ಎಲ್ಲ ಮುಗಿದರೆ ಎಣಿಕೆ 1ಕ್ಕೆ ಮರಳುತ್ತದೆ. ಲಗ್ನದ ಸೀಸನ್‌ನಲ್ಲಿ ಹಳೆಯದು ಮುಗಿಯುವ ಮೊದಲೇ ಹೊಸದು ಬೀಳುವುದರಿಂದ, ಎರಡೇ ಕೆಲಸ ನಡೆದಿದ್ದರೂ ನಂಬರ್ ಹದಿನೇಳಕ್ಕೆ ಏರಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕೆಲಸ ಮುಗಿದರೂ ಶೆಲ್ "ಡನ್" ಎಂದು ಹೇಳುವವರೆಗೆ ನಂಬರ್ ಬಿಡುಗಡೆಯಾಗುವುದಿಲ್ಲ, ಅದನ್ನು ಹೇಳುವುದು ಸಾಮಾನ್ಯವಾಗಿ ಮುಂದಿನ ಪ್ರಾಂಪ್ಟ್‌ಗೆ ಮುಂಚೆ. ಹಾಗಾಗಿ ಖಾಲಿ ಎಂಟರ್ ಒತ್ತಿಯೇ ಹೊಸ ಕಮಾಂಡ್ ಕೊಡುವುದು ನನ್ನ ರೂಢಿ.

ಗೆಳೆಯನ ಮ್ಯಾಕ್‌ನಲ್ಲಿ ಲೆಕ್ಕವೇ ಬೇರೆ. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ ಆವೃತ್ತಿಯಿಂದ ಅಲ್ಲಿ ಬ್ಯಾಶ್ ಬದಲು ಝಡ್‌ಶೆಲ್ ಎಂಬ ಶೆಲ್ ಮೊದಲ ಆಯ್ಕೆ. ಅದು ಖಾಲಿಯಿರುವ ಅತಿ ಚಿಕ್ಕ ನಂಬರನ್ನೇ ಹಿಡಿಯುತ್ತದೆ. ಅಲ್ಲಿ ಹುಡುಗನ ಹೊಸ ಕೆಲಸಕ್ಕೆ 1 ಸಿಗುತ್ತಿತ್ತು.

ಕೆಲಸ ನಿಲ್ಲಿಸುವ ಕಿಲ್ ಕಮಾಂಡ್‌ಗೆ ಜಾಬ್ ನಂಬರ್ ಕೊಡುವಾಗ % ಬಿಡುವಂತಿಲ್ಲ: "ಕಿಲ್ %2" ಎರಡನೇ ಜಾಬಿಗೆ, "ಕಿಲ್ 2" ಪಿಐಡಿ 2ಕ್ಕೆ. ಕಮಾಂಡ್‌ಗಳನ್ನು ಫೈಲಿನಲ್ಲಿ ಬರೆದಿಟ್ಟ ಸ್ಕ್ರಿಪ್ಟ್‌ನಲ್ಲಂತೂ ನಾನು ಜಾಬ್ ನಂಬರ್ ಮುಟ್ಟುವುದಿಲ್ಲ, & ಆದ ಕೂಡಲೇ $! (ಹಿನ್ನೆಲೆಗೆ ಕೊನೆಗೆ ಹೋದ ಕೆಲಸದ ಪಿಐಡಿ) ಅನ್ನು ಒಂದು ವೇರಿಯಬಲ್‌ಗೆ ಹಾಕಿಕೊಳ್ಳುತ್ತೇನೆ.

ಪ್ರಾಂಪ್ಟ್‌ನಲ್ಲಿ ಹೆಸರೇ ವಾಸಿ. ಫೈಲ್‌ಗಳಿಗೆ ಊರಿನ ಹೆಸರಿದ್ದರೆ "ಕಿಲ್ %?ಮುಧೋಳ" ಸಾಕು, ಕಮಾಂಡಿನಲ್ಲಿ ಆ ಪದವಿರುವ ಜಾಬ್ ನಿಲ್ಲುತ್ತದೆ. ಮುಧೋಳದವೇ ಎರಡು ಲಗ್ನ ಓಡುತ್ತಿದ್ದರೆ ಬ್ಯಾಶ್ ಗೊಂದಲವೆಂದು ಎರಡನ್ನೂ ಬಿಟ್ಟುಬಿಡುತ್ತದೆ. ಅದಕ್ಕೇ ಈಗ ಫೈಲಿನ ಹೆಸರಿಗೆ ಮನೆತನವನ್ನೂ ಸೇರಿಸುತ್ತೇವೆ.