ಲೇಹ್‌ನ ಚಳಿಯಲ್ಲಿ ಬುಲೆಟ್ಟಿಗೆ ಕಿಕ್ ಹೊಡೆದದ್ದು: ನನ್ನ ಅನುಭವ

ಸೌರ ಫಲಕಗಳ ನಿರ್ವಹಣೆಯ ಕೆಲಸಕ್ಕೆಂದು ಲೇಹ್‌ಗೆ ಹೋದಾಗ, ಹಾಸನದಲ್ಲಿ ವರ್ಷಗಟ್ಟಲೆ ಓಡಿಸಿದ್ದ ನನ್ನ ಹಳೆಯ ಕಾಸ್ಟ್ ಐರನ್ ಎಂಜಿನ್ನಿನ 350 ಸಿಸಿ ಬುಲೆಟ್ಟನ್ನೂ ಲಾರಿಯಲ್ಲಿ ತರಿಸಿಕೊಂಡಿದ್ದೆ. ಅಲ್ಲಿ ಎರಡು ಚಳಿಗಾಲ ಕಳೆಯಬೇಕೆಂಬುದು ಗೊತ್ತಿತ್ತು. ಬೈಕ್ ಸ್ಟಾರ್ಟ್ ಮಾಡುವುದಕ್ಕೇ ಬೆಳಿಗ್ಗೆ ಮುಕ್ಕಾಲು ಗಂಟೆ ಎತ್ತಿಡಬೇಕಾದೀತೆಂಬುದು ಮಾತ್ರ ಗೊತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಏಳು ಗಂಟೆಗೆ ಗೋಡೆಯ ಥರ್ಮಾಮೀಟರ್ ಮೈನಸ್ 18 ಡಿಗ್ರಿ ತೋರಿಸುತ್ತಿತ್ತು. ಊರಿನ ಅಭ್ಯಾಸದಂತೆ ಚೋಕ್ ಎತ್ತಿ ಕಿಕ್ ಹೊಡೆಯತೊಡಗಿದೆ. ಕಿಕ್ಕರ್ ಬೆಲ್ಲದ ಪಾಕದಲ್ಲಿ ಕಾಲಿಟ್ಟಂತೆ ನಿಧಾನವಾಗಿ ಇಳಿಯುತ್ತಿತ್ತು. ಮೂವತ್ತು ಕಿಕ್ ಆಗುವಷ್ಟರಲ್ಲಿ ಉಸಿರು ಕಟ್ಟಿತು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ದಪ್ಪ ಜಾಕೆಟ್ಟಿನೊಳಗೆ ಸುರಿದ ಬೆವರು ನಿಂತ ಐದೇ ನಿಮಿಷಕ್ಕೆ ಬೆನ್ನನ್ನು ಕೊರೆಯತೊಡಗಿತು. ಮನೆಯ ಯಜಮಾನರು, ನಾನು ಅಲ್ಲಿಯವರಂತೆಯೇ ಅಬಾ-ಲೇ ಎಂದು ಕರೆಯುತ್ತಿದ್ದವರು, ಹೊರಗೆ ಬಂದು ಸ್ವಲ್ಪ ಹೊತ್ತು ನೋಡಿ, ಹಿಂದಿಯಲ್ಲಿ ಇಷ್ಟೇ ಹೇಳಿದರು: “ಪ್ಲಗ್ ಬಿಚ್ಚಿ ಒಳಗೆ ತನ್ನಿ.” ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿತ್ತು. ಹೊರಗೇ ಒರೆಸಿ, ಪೂರ್ತಿ ಒಣಗಿದ ಮೇಲೆ ಕೋಣೆ ಬಿಸಿ ಮಾಡುವ ಒಲೆಯಾದ ಬುಖಾರಿಯ ತಗಡಿನ ಮೇಲಿಟ್ಟು ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿ ತಂದು ತಿರುಗಿಸಿ ಹಾಕಿದೆ. ಎರಡನೆಯ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಿತು.

ಏನಾಗಿತ್ತೆಂಬುದನ್ನು ಆಮೇಲೆ ಕೂತು ಯೋಚಿಸಿದೆ. ಊರಿನಿಂದ ಫೋನ್ ಮಾಡಿದವರೆಲ್ಲ ಪೆಟ್ರೋಲ್ ಹೆಪ್ಪುಗಟ್ಟುವುದಿಲ್ಲವೇ ಎಂದೇ ಕೇಳುತ್ತಿದ್ದರು. ಹೆಪ್ಪುಗಟ್ಟುವ ತಾಪತ್ರಯ ಡೀಸೆಲ್ಲಿನದು. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆಂದು 2019ರಲ್ಲಿ ತಂದದ್ದು ಅದಕ್ಕೇ. ಪೆಟ್ರೋಲ್ ಆ ಚಳಿಯಲ್ಲೂ ನೀರಿನಂತೆಯೇ ಇರುತ್ತದೆ, ಆದರೆ ಸುಲಭವಾಗಿ ಆವಿಯಾಗುವುದಿಲ್ಲ. ಉರಿಯುವುದು ಆವಿ, ತಣ್ಣಗಿನ ಲೋಹಕ್ಕೆ ತಾಗಿದ ಪೆಟ್ರೋಲ್ ಹನಿಯಾಗಿ ಎಂಜಿನ್ನಿನ ಒಳಗೋಡೆಗೆ ಅಂಟಿಬಿಡುತ್ತದೆ. ಆದ್ದರಿಂದಲೇ ಚೋಕ್ ಹಾಕಿ ಹೆಚ್ಚು ಪೆಟ್ರೋಲ್ ಕೊಡಬೇಕು. ಆದರೆ ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ ಇರುವುದರಿಂದ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮೊದಲೇ ಗಾಳಿಗೆ ಮೀರಿದ ಪೆಟ್ರೋಲ್ ಕೊಡುತ್ತಿರುತ್ತದೆ. ಚಳಿ ಹೆಚ್ಚು ಬೇಡುತ್ತದೆ, ಎತ್ತರ ಕಡಿಮೆ ಬೇಡುತ್ತದೆ. ಈ ಎರಡರ ನಡುವೆ ನನಗೆ ಸಿಗುತ್ತಿದ್ದದ್ದು ನಾಲ್ಕೈದು ಕಿಕ್‌ಗಳ ಅವಕಾಶ ಮಾತ್ರ. ಅಷ್ಟರಲ್ಲಿ ಹತ್ತಿಕೊಳ್ಳದಿದ್ದರೆ ಪ್ಲಗ್ ನೆನೆಯುತ್ತದೆ, ಮುಂದಿನ ಕಿಕ್ಕುಗಳೆಲ್ಲ ವ್ಯರ್ಥ.

ಹಾಗಾಗಿ ಆ ನಾಲ್ಕು ಕಿಕ್ಕಿಗೆ ಮುಂಚಿನ ಸಿದ್ಧತೆಯೇ ನನ್ನ ಮುಖ್ಯ ಕೆಲಸವಾಯಿತು, ಮತ್ತು ಅದು ಹಿಂದಿನ ರಾತ್ರಿಯಿಂದಲೇ ಶುರುವಾಗುತ್ತಿತ್ತು. ಮನೆ ತಲುಪುವ ಮೊದಲೇ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರಿನಲ್ಲಿರುವುದನ್ನು ಉರಿಸಿಬಿಡುತ್ತಿದ್ದೆ, ಏಕೆಂದರೆ ಪೆಟ್ರೋಲಿನಲ್ಲಿ ಒಂದು ಹನಿ ನೀರಿದ್ದರೂ ಅದು ತಳಕ್ಕೆ ಇಳಿದು, ರಾತ್ರಿ ಗಡ್ಡೆಕಟ್ಟಿ, ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ರಂಧ್ರವನ್ನು ಮುಚ್ಚಿಬಿಡಬಹುದು. ಟ್ಯಾಂಕಿನ ಖಾಲಿ ಜಾಗದಲ್ಲಿ ತೇವ ಕೂರದಿರಲೆಂದು ಅದನ್ನು ತುಂಬಿಸಿಯೇ ಇಡುತ್ತಿದ್ದೆ. ಬ್ಯಾಟರಿಯನ್ನು ಬಿಚ್ಚಿ ಕೋಣೆಯೊಳಗೆ ತರುತ್ತಿದ್ದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಆ ಚಳಿಗೆ ಹೆಪ್ಪುಗಟ್ಟುವುದಿಲ್ಲ, ನಿಜ. ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಬಿರಿಯಬಲ್ಲದು. ತಣ್ಣಗಾದ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಕಿಡಿಯೂ ಬಡವಾಗುತ್ತದೆ. ಮೆಕ್ಯಾನಿಕ್ ಒಬ್ಬರ ಮಾತು ಕೇಳಿ, ಊರಿನಲ್ಲಿ ಹಾಕಿಸುತ್ತಿದ್ದ 20ಡಬ್ಲ್ಯು-50 ಆಯಿಲ್ ತೆಗೆಸಿ ಚಳಿಗಾಲದ ಮಟ್ಟಿಗೆ, ಚಳಿಯಲ್ಲಿ ಅದಕ್ಕಿಂತ ತೆಳುವಾಗಿರುವ 10ಡಬ್ಲ್ಯು-40 ಹಾಕಿಸಿದೆ. ಕಿಕ್ಕರ್ ಹಗುರಾದದ್ದು ಕಾಲಿಗೇ ತಿಳಿಯಿತು.

ಬೆಳಿಗ್ಗೆ ಎದ್ದೊಡನೆ ಮುಚ್ಚಳವಿರುವ ಕ್ಯಾನಿನಲ್ಲಿ ಕುದಿಯುವ ನೀರು ತುಂಬಿ ಎಂಜಿನ್ನಿನ ಕೆಳಗಿಟ್ಟು, ಮೇಲಿಂದ ಹಳೆಯ ಉಣ್ಣೆಯ ಕಂಬಳಿ ಹೊದಿಸಿ, ಚಹಾ ಮುಗಿಸುವವರೆಗೆ ಹಾಗೆಯೇ ಬಿಡುತ್ತಿದ್ದೆ. ಲಾರಿಗಳ ಕೆಳಗೆ ಬೆಂಕಿ ಹಾಕುವುದನ್ನು ಕಂಡು ಬೈಕಿಗೂ ಕೆಂಡದ ತಟ್ಟೆ ಇಡುವವರಿದ್ದಾರೆ. ಕಾರ್ಬುರೇಟರಿನಿಂದ ಪೆಟ್ರೋಲ್ ಜಿನುಗುವ ಹಳೆಯ ಬುಲೆಟ್ಟಿನ ಕೆಳಗೆ ಕೆಂಡವಿಡುವ ಧೈರ್ಯ ನನಗಂತೂ ಬರಲಿಲ್ಲ. ಬಿಸಿನೀರನ್ನು ನೇರವಾಗಿ ಎಂಜಿನ್ನಿನ ಮೇಲೆ ಸುರಿಯುವುದೂ ಬೇಡ. ಒಮ್ಮೆ ಸುರಿದಿದ್ದೆ; ಹರಿದ ನೀರು ಹೆಪ್ಪುಗಟ್ಟಿ ಸ್ಟ್ಯಾಂಡನ್ನು ನೆಲಕ್ಕೆ ಕಚ್ಚಿಸಿತು.

ನಂತರ ಬ್ಯಾಟರಿ ಜೋಡಿಸಿ, ಹೊಗೆ ಒಳಗೆ ಕಟ್ಟಿಕೊಳ್ಳದಂತೆ ಬೈಕನ್ನು ಕೊಟ್ಟಿಗೆಯಿಂದ ಬಯಲಿಗೆ ತಳ್ಳುತ್ತಿದ್ದೆ. ಕೀಲಿ ತಿರುಗಿಸದೆ, ಕ್ಲಚ್ ಹಿಡಿದು ಕಿಕ್ಕರನ್ನು ಕೆಲವು ಸಲ ಒತ್ತಿ ಅಂಟಿಕೊಂಡ ಕ್ಲಚ್ ಪ್ಲೇಟುಗಳನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಕ್ಲಚ್ ಬಿಟ್ಟು, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಒತ್ತಿ ಹಿಡಿದು, ಏಳೆಂಟು ಸಲ ನಿಧಾನವಾಗಿ ಎಂಜಿನ್ ತಿರುಗಿಸಬೇಕು. ಅಷ್ಟಾದ ಮೇಲೆಯೇ ಪೆಟ್ರೋಲ್, ಚೋಕ್, ಕೀಲಿ. ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಒಂದೆಡೆ ಬಿಗಿಯುತ್ತದೆ, ಬ್ಯಾಟರಿಯ ಕರೆಂಟ್ ತೋರಿಸುವ ಆ್ಯಂಪಿಯರ್ ಮೀಟರಿನ ಮುಳ್ಳು ಮಧ್ಯಕ್ಕೆ ಮರಳುತ್ತದೆ. ಅಲ್ಲಿ ಲಿವರ್ ಒತ್ತಿ ಕೂದಲೆಳೆಯಷ್ಟು ಮುಂದೆ ಸರಿಸಿ, ಲಿವರ್ ಬಿಟ್ಟು, ಕಿಕ್ಕರ್ ಪೂರ್ತಿ ಮೇಲೆ ಬಂದ ಮೇಲೆ ಮೈಭಾರವೆಲ್ಲ ಹಾಕಿ ಒಂದೇ ಏಟಿಗೆ ಕೆಳಗಿಳಿಸಬೇಕು. ಆಕ್ಸಿಲರೇಟರ್ ಮುಟ್ಟಬಾರದು. ಆ ಕೂದಲೆಳೆಯ ಲೆಕ್ಕ ತಪ್ಪಿದರೆ ಕಿಕ್ಕರ್ ತಿರುಗಿ ಒದೆಯುತ್ತದೆ. ನನ್ನ ಮೊಣಕಾಲಿನ ಕೆಳಗೆ ಗುರುತು ಇನ್ನೂ ಇದೆ. ಹತ್ತಿಕೊಂಡ ಅರ್ಧ ನಿಮಿಷದಲ್ಲಿ ಚೋಕ್ ಅರ್ಧಕ್ಕೆ, ಮತ್ತೆರಡು ನಿಮಿಷದಲ್ಲಿ ಪೂರ್ತಿ ಇಳಿಸುತ್ತಿದ್ದೆ. ಅಲ್ಲಿ ಅದಕ್ಕಿಂತ ತಡಮಾಡಿದರೆ ಪ್ಲಗ್ ಮಸಿ ಹಿಡಿಯುತ್ತದೆ. ರೇಸ್ ಮಾಡಿ ಬಿಸಿ ಮಾಡುವುದು ತಪ್ಪು, ಆಯಿಲ್ ಇನ್ನೂ ಮೇಲೇರಿರುವುದಿಲ್ಲ.

ತಳ್ಳಿ ಸ್ಟಾರ್ಟ್ ಮಾಡಲು ಒಮ್ಮೆ ಪ್ರಯತ್ನಿಸಿದೆ. ಮಂಜು ಗಟ್ಟಿಯಾದ ಇಳಿಜಾರಿನಲ್ಲಿ ಕ್ಲಚ್ ಬಿಟ್ಟೊಡನೆ ಹಿಂದಿನ ಚಕ್ರ ತಿರುಗದೆ ಜಾರಿತು, ಬೈಕೂ ನಾನೂ ಮಲಗಿದೆವು.

ಎರಡನೆಯ ಚಳಿಗಾಲದಲ್ಲಿ ಬೈಕನ್ನು ಪೂರ್ವದ ಬಿಸಿಲು ಬೀಳುವ ಗೋಡೆಯ ಪಕ್ಕಕ್ಕೆ ಬದಲಿಸಿದೆ, ಒಂದು ಒಣ ಪ್ಲಗ್ಗನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡೇ ಹೊರಡುತ್ತಿದ್ದೆ. ಲಡಾಖಿನ ಬಿಸಿಲು ಚಳಿಯಷ್ಟೇ ಹರಿತ. ಹತ್ತು ಗಂಟೆಯವರೆಗೆ ಕಾಯಬಹುದಾದ ದಿನಗಳಲ್ಲಿ ಕ್ಯಾನು, ಕಂಬಳಿ ಯಾವುದೂ ಬೇಕಾಗುತ್ತಿರಲಿಲ್ಲ. ಆದರೂ ಮೂರು ದಿನ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗಲಿಲ್ಲ. ಐದನೆಯ ಕಿಕ್ ಹೊಡೆಯದೆ, ಪೆಟ್ರೋಲ್ ಕಾಕ್ ಮುಚ್ಚಿ, ಬ್ಯಾಟರಿಯನ್ನು ಒಳಗಿಟ್ಟು, ಕೆಲಸಕ್ಕೆ ನಡೆದುಕೊಂಡು ಹೋದೆ.