‘ಗೊತ್ತಿಲ್ಲ’ ಅಂದವರನ್ನು ಇನ್ನೊಮ್ಮೆ ಕೇಳುವ ಕೆಲಸ

2007ರ ಏಪ್ರಿಲ್ ಕೊನೆಯ ಒಂದು ಸಂಜೆ ಫೋನ್ ಎತ್ತಿದವರು ಅಮೆರಿಕದ ಅಯೋವಾ ರಾಜ್ಯದ ಒಬ್ಬ ರೈತ. ನಾನು ಕೇಳಬೇಕಿದ್ದದ್ದು ಕಾಕಸ್ ಬಗ್ಗೆ, ಅಂದರೆ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಊರವರು ಸೇರಿ ಹೇಳುವ ಸಭೆ. “ಕಾಕಸ್ ಇವತ್ತೇ ನಡೆದರೆ ಯಾರನ್ನು ಬೆಂಬಲಿಸುತ್ತೀರಿ?” ಎಂದು ಪರದೆ ನೋಡಿಕೊಂಡು ಓದಿದೆ. “ಇವತ್ತು ನಡೆಯೋದಿಲ್ವಲ್ಲ. ಇವತ್ತು ನನಗೆ ಮೆಕ್ಕೆಜೋಳ ಬಿತ್ತೋ ಕೆಲಸ ಇದೆ” ಅಂದರು. ಅದಕ್ಕೆ ನನ್ನ ಪರದೆಯಲ್ಲಿ ಗುಂಡಿ ಇರಲಿಲ್ಲ.

ಆಗ ನಾನು ಅಲ್ಲಿ ಎಂ.ಎಸ್. ಓದುತ್ತಿದ್ದೆ. ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಅದೂ ಕ್ಯಾಂಪಸ್ಸಿನೊಳಗೆ ದುಡಿಯಬಹುದು. ಗ್ರಂಥಾಲಯದಲ್ಲಿ ಜಾಗ ಸಿಗಲಿಲ್ಲ, ಸರ್ವೆ ಕೇಂದ್ರದಲ್ಲಿ ಸಿಕ್ಕಿತು. ಓಟಿನ ಹಕ್ಕೇ ಇಲ್ಲದವಳು ಊರವರಿಗೆಲ್ಲ ಫೋನ್ ಮಾಡಿ ಓಟು ಯಾರಿಗೆ ಎಂದು ಕೇಳುತ್ತಾ ಕೂತೆ.

ಕೆಲಸದ ಮೊದಲ ನಿಯಮ, ಬರೆದದ್ದನ್ನು ಬರೆದ ಹಾಗೇ ಓದುವುದು. ಕೇಳಲು ಸುಲಭ. ಮೊದಲ ವಾರ ಯಾರೋ ಉತ್ತರ ಕೊಟ್ಟಾಗ ನಮ್ಮೂರ ಅಭ್ಯಾಸದಂತೆ “ಒಳ್ಳೇದು” ಎಂದುಬಿಟ್ಟೆ. ಇನ್ನೊಂದು ಲೈನಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಮೇಲ್ವಿಚಾರಕಿ ಬಂದು ಭುಜ ಮುಟ್ಟಿದರು. ಒಬ್ಬ ಅಭ್ಯರ್ಥಿಯ ಹೆಸರಿಗೆ ‘ಒಳ್ಳೇದು’ ಬಂದರೆ ಮುಂದಿನ ಪ್ರಶ್ನೆಗಳ ಉತ್ತರ ಆ ಕಡೆಗೇ ವಾಲುತ್ತದೆ. ಅಂದಿನಿಂದ ಎಲ್ಲದಕ್ಕೂ “ಸರಿ”. ಅಭ್ಯರ್ಥಿಗಳ ಹೆಸರುಗಳನ್ನು ಕಂಪ್ಯೂಟರ್ ಪ್ರತಿ ಕರೆಗೂ ಕಲಸಿ ಕೊಡುತ್ತಿತ್ತು, ಒಬ್ಬರೇ ಸದಾ ಮೊದಲು ಬರಬಾರದೆಂದು. ಫೋನ್ ಎತ್ತಿದವರನ್ನೇ ಕೇಳುವ ಹಾಗೂ ಇಲ್ಲ. ಮನೆಯ ವಯಸ್ಕರಲ್ಲಿ ತೀರಾ ಈಚೆಗೆ ಹುಟ್ಟುಹಬ್ಬ ಕಳೆದವರನ್ನು ಕರೆಯಿರಿ ಅನ್ನಬೇಕು. ಇಲ್ಲದಿದ್ದರೆ ಸಂಜೆ ಮನೆಯಲ್ಲಿ ಇರುವವರದ್ದೇ ಅಭಿಪ್ರಾಯವಾಗಿಬಿಡುತ್ತದೆ.

ಆಮೇಲೆ ಜರಡಿ: ನೀವು ಕಾಕಸ್‌ಗೆ ಹೋಗುತ್ತೀರಾ? ಇದು ಬೂತಿಗೆ ಹೋಗಿ ಒಂದು ಗುಂಡಿ ಒತ್ತಿ ಬರುವ ಮಾತಲ್ಲ, ಚಳಿಗಾಲದ ರಾತ್ರಿ ಶಾಲೆಯಲ್ಲೋ ಚರ್ಚಿನಲ್ಲೋ ಗಂಟೆಗಟ್ಟಲೆ ಇರಬೇಕಿತ್ತು. ಸುಮಾರು 30 ಲಕ್ಷ ಜನರ ರಾಜ್ಯ. ದಾಖಲೆ ಮುರಿದ 2008ರಲ್ಲೂ ಎರಡೂ ಪಕ್ಷ ಸೇರಿ ಹೋದವರು ಮೂರೂವರೆ ಲಕ್ಷದ ಆಸುಪಾಸು. ಹೀಗಾಗಿ 400 ಜನ ಜರಡಿಯಲ್ಲಿ ಉಳಿಯಬೇಕಾದರೆ ಸಾವಿರಾರು ಮನೆಗಳ ಫೋನ್ ಬಡಿಯಬೇಕು. ಅಷ್ಟಾದರೂ ಆ ಕಡೆ ಈ ಕಡೆ ಐದು ಶೇಕಡಾ ಅಂಶ ತಪ್ಪುವ ಅವಕಾಶ ಇದ್ದೇ ಇದೆ. ಮರುದಿನ ಪತ್ರಿಕೆಯಲ್ಲಿ ಮಾತ್ರ ಎರಡು ಅಂಶದ ವ್ಯತ್ಯಾಸಕ್ಕೇ ‘ಮುನ್ನಡೆ’ ಎಂಬ ತಲೆಬರಹ.

ನನ್ನನ್ನು ಹೆಚ್ಚು ಕಾಡಿದ್ದು ‘ಗೊತ್ತಿಲ್ಲ’. ಬೇಸಿಗೆಯಲ್ಲಿ ಎಷ್ಟೋ ಜನರ ಪ್ರಾಮಾಣಿಕ ಉತ್ತರ ಅದೇ. ಆದರೆ ಹಾಗಂದವರಿಗೆ ಪರದೆಯಲ್ಲಿ ಇನ್ನೊಂದು ಪ್ರಶ್ನೆ ಸಿದ್ಧವಿರುತ್ತಿತ್ತು: “ಸರಿ, ಸದ್ಯಕ್ಕೆ ಯಾರ ಕಡೆ ಒಲವಿದೆ?” ಸ್ವಲ್ಪ ಮೌನ. ಆಮೇಲೆ ಯಾವುದೋ ಹೆಸರು, ಹೆಚ್ಚಾಗಿ ಟಿವಿಯಲ್ಲಿ ಕೇಳಿದ್ದು. ಹಿಲರಿ. ಜೂಲಿಯಾನಿ. ಅದನ್ನು ಒತ್ತುವಾಗ, ಈ ಮನುಷ್ಯ ನನ್ನಿಂದ ಬಿಡಿಸಿಕೊಳ್ಳಲು ಹೆಸರು ಹೇಳಿದ ಎಂದು ನನಗೆ ಗೊತ್ತು, ಅಂಕಿಗೆ ಗೊತ್ತಿಲ್ಲ. ಆ ವರ್ಷದ ಬಹುಪಾಲು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ರಿಪಬ್ಲಿಕನ್ನರ ಪೈಕಿ ನ್ಯೂಯಾರ್ಕಿನ ಮಾಜಿ ಮೇಯರ್ ಜೂಲಿಯಾನಿಯೇ ಮುಂದಿದ್ದರು. 2008ರ ಜನವರಿ 30ಕ್ಕೆ ಕಣ ಬಿಟ್ಟು ಹೊರಟರು. ನಾಲ್ಕು ವರ್ಷ ಹಿಂದೆ ಡೆಮಾಕ್ರಟ್ ಹೊವರ್ಡ್ ಡೀನ್ ಕಥೆಯೂ ಅದೇ: 2003ರ ಕೊನೆಯಲ್ಲಿ ಮುಂದೆ, ಅಯೋವಾದಲ್ಲಿ ಮೂರನೆಯವರು.

ಅಮ್ಮನಿಗೆ ಶಿವಮೊಗ್ಗಕ್ಕೆ ಫೋನ್ ಮಾಡಿ ಹೇಳಿದರೆ, “ಪಕ್ಷದ ಟಿಕೆಟ್ ಯಾರಿಗೆ ಅನ್ನೋದಕ್ಕೇ ಒಂದು ವರ್ಷನಾ?” ಅಂದಳು. ನಮ್ಮಲ್ಲಿ ಟಿಕೆಟ್ ಬೆಂಗಳೂರು, ದೆಹಲಿಗಳಲ್ಲಿ ಹಂಚಿಕೆಯಾಗುತ್ತದೆ. ನಾಮಪತ್ರ ವಾಪಸಾತಿ ಮುಗಿದ ಮೇಲೆ ಪ್ರಚಾರ ಎರಡು ವಾರದ ಮಾತು. ಅಮೆರಿಕದಲ್ಲೂ ಮೊದಲು ಹೀಗಿರಲಿಲ್ಲ. 1968ರಲ್ಲಿ ಉಪಾಧ್ಯಕ್ಷ ಹಂಫ್ರಿ ಒಂದೂ ಪ್ರೈಮರಿಗೆ (ಅಭ್ಯರ್ಥಿಯನ್ನು ಆರಿಸುವ ಮತದಾನಕ್ಕೆ) ನಿಲ್ಲದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅದರಿಂದ ಎದ್ದ ಗಲಾಟೆಯ ನಂತರ ಆಯ್ಕೆ ಜನರ ಕೈಗೆ ಬಂತು, ಅಷ್ಟು ಜನರನ್ನು ತಲುಪಲು ತಿಂಗಳುಗಳು ಬೇಕಾದವು. ಜಿಮ್ಮಿ ಕಾರ್ಟರ್ 1976ರ ಚುನಾವಣೆಗೆ 1974ರ ಡಿಸೆಂಬರಿನಲ್ಲೇ ಹೊರಟರು. ಉದ್ದದ ಪ್ರಚಾರವನ್ನು ನಾನು ಪೂರ್ತಿ ಬೈಯಲಾರೆ. ಅದಿಲ್ಲದಿದ್ದರೆ ಹೆಸರು ಗೊತ್ತಿದ್ದವರೇ ಗೆಲ್ಲುತ್ತಿದ್ದರು.

ಡಿಸೆಂಬರ್ ಬಂದಾಗ ಫೋನಿನ ಆಚೆಯ ದನಿಯೇ ಬೇರೆ. “ಈ ವಾರ ನೀನು ಆರನೆಯವಳು” ಎಂದು ಗದರಿಸಿ, ಆಮೇಲೆ ಹದಿನೈದು ನಿಮಿಷ ಮಾತಾಡುತ್ತಿದ್ದರು. ಒಬಾಮಾರನ್ನು ಶಾಲೆಯ ಜಿಮ್‌ನಲ್ಲಿ ಕಂಡೆ, ಇನ್ನೊಬ್ಬ ಅಭ್ಯರ್ಥಿ ಎಡ್ವರ್ಡ್ಸ್ ಕೈ ಕುಲುಕಿದೆ ಅನ್ನುವವರು. ಬಿತ್ತನೆ ಕಾಲದ ‘ಗೊತ್ತಿಲ್ಲ’ಕ್ಕೆ ಈಗ ಕಾರಣಗಳ ಸಮೇತ ಉತ್ತರ. ವರ್ಷದ ಕೊನೆಯ ದಿನ ಬಂದ ಅಯೋವಾದ ಡೆ ಮೊಯ್ನ್ ರಿಜಿಸ್ಟರ್ ಪತ್ರಿಕೆಯ ಸಮೀಕ್ಷೆಯಲ್ಲಿ ಒಬಾಮಾ ಶೇ 32, ಹಿಲರಿ 25, ಎಡ್ವರ್ಡ್ಸ್ 24. ಮೊದಲ ಸಲ ಬರುವವರನ್ನು ಅತಿಯಾಗಿ ಎಣಿಸಿದ್ದೀರಿ ಎಂದು ಎದುರಾಳಿಗಳು ಹರಿಹಾಯ್ದರು. ಜನವರಿ 3ರ ರಾತ್ರಿ ಆ ಮೊದಲ ಸಲದವರೇ ಸಾಲುಗಟ್ಟಿ ಬಂದರು, ಒಬಾಮಾ ಗೆದ್ದರು. ಐದೇ ದಿನದಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರೈಮರಿ ಸಮೀಕ್ಷೆಗಳ ಮುಖಕ್ಕೆ ಮಸಿ ಬಳಿಯಿತು: ಅವು ಒಬಾಮಾ ಎಂದಿದ್ದವು, ಗೆದ್ದದ್ದು ಹಿಲರಿ.

ಆ ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೆ, ಅಭ್ಯರ್ಥಿಗಳು ಟಿವಿ ಚರ್ಚೆಯ ವೇದಿಕೆ ಹತ್ತಲೂ ಸಮೀಕ್ಷೆಯ ಅಂಕಿ ನೋಡುವುದನ್ನು ಗಮನಿಸಿದೆ. 2019ರಲ್ಲಿ ಡೆಮಾಕ್ರಟರ ಮೊದಲ ಚರ್ಚೆಗೆ ಮೂರು ಸಮೀಕ್ಷೆಗಳಲ್ಲಿ ಶೇ 1 ಸಾಕಿತ್ತು, ಇಲ್ಲವೇ 65,000 ದಾನಿಗಳು. 400 ಜನರಲ್ಲಿ ಶೇ 1 ಅಂದರೆ ನಾಲ್ಕು ಜನ. ನನ್ನ ಒಂದು ಪಾಳಿಯ ಕೆಲಸ.

2020ರ ಅಯೋವಾ ಕಾಕಸ್‌ಗೆ ಎರಡು ದಿನ ಮುಂಚೆ ರಿಜಿಸ್ಟರ್ ಪತ್ರಿಕೆಯ ಕೊನೆಯ ಸಮೀಕ್ಷೆ ಪ್ರಕಟವಾಗಲೇ ಇಲ್ಲ. ಒಂದು ಸಂದರ್ಶನದಲ್ಲಾದರೂ ಅಭ್ಯರ್ಥಿ ಪೀಟ್ ಬುಟಿಜೆಜ್ ಹೆಸರು ಓದಿರಲಿಲ್ಲವಂತೆ. ಫೋನ್ ಮಾಡಿದವರು ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡಿದ್ದರಿಂದ ಪಟ್ಟಿಯ ಒಂದು ಹೆಸರು ಕತ್ತರಿಸಿಹೋಗಿತ್ತು ಎಂದು ವರದಿಯಾಯಿತು. ಓದಿ ಕೈ ತಣ್ಣಗಾಯಿತು. ರಾತ್ರಿ ಪಾಳಿಯಲ್ಲಿ ಕಣ್ಣು ಸೋತಾಗ ನಾನೂ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಿದ್ದೆ. ಕೆಳಗೆ ಎಷ್ಟು ಹೆಸರು ಉಳಿದವು ಎಂದು ಎಣಿಸಿದ ನೆನಪಿಲ್ಲ.